ಗಾಜಿನ ಮೇಲಿಲ್ಲದ ಮಾತು

ಭಾವನ ಉಸಿರು ನನಗೆ ಗೊತ್ತಿದ್ದಷ್ಟು ಅವರನ್ನು ಕಟ್ಟಿಕೊಂಡ ಅಕ್ಕನಿಗೂ ಗೊತ್ತಿರಲಿಲ್ಲ. ಇದನ್ನು ಅಕ್ಕನ ಎದುರಿಗೇ ಹೇಳಿದ್ದೇನೆ, ಅವರು ನಕ್ಕು ಒಪ್ಪಿಕೊಂಡಿದ್ದಾರೆ. ನನ್ನ ಕೆಲಸವೇ ಅದು. ಟಿವಿ ಸ್ಟುಡಿಯೋದಲ್ಲಿ ಕ್ಯಾಮೆರಾದ ಮುಂದೆ ಓರೆಯಾಗಿ ಒಂದು ಗಾಜು ನಿಲ್ಲಿಸಿರುತ್ತಾರೆ. ನಿರೂಪಕರು ಆಡಬೇಕಾದ ಮಾತೆಲ್ಲ ಅದರ ಮೇಲೆ ಕೆಳಗಿನಿಂದ ಮೇಲಕ್ಕೆ ಹರಿಯುತ್ತದೆ. ಮನೆಯಲ್ಲಿ ಕೂತವರಿಗೆ ಗಾಜು ಕಾಣುವುದಿಲ್ಲ. ಈ ಮನುಷ್ಯ ನನ್ನ ಕಣ್ಣಿಗೆ ಕಣ್ಣಿಟ್ಟು ಮಾತಾಡುತ್ತಿದ್ದಾನೆ ಅನ್ನಿಸುತ್ತದೆ. ಆ ಅಕ್ಷರಗಳು ಹರಿಯುವ ವೇಗ ನನ್ನ ಬಲಗೈಯ ತಿರುಗುಗುಂಡಿಯಲ್ಲಿರುತ್ತದೆ. ಗುಂಡಿ ಬೇಗ ತಿರುಗಿಸಿದರೆ ಅವರು ಓಡಬೇಕು, ನಿಧಾನವಾದರೆ ಬಾಯಿಬಿಟ್ಟುಕೊಂಡು ನಿಲ್ಲಬೇಕು. ಹಾಗಾಗಿ ನಾನು ಅವರ ಬಾಯಿ ನೋಡುವುದಿಲ್ಲ, ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ಉಸಿರು ಕೇಳುತ್ತೇನೆ. ಭಾವ ಮಾತಿಗೆ ಮುಂಚೆ ಎದೆ ತುಂಬ ಉಸಿರು ತೆಗೆದುಕೊಂಡು, ವಾಕ್ಯ ಮುಗಿಯುವ ತನಕ ಎಲ್ಲೂ ನಿಲ್ಲಿಸುವವರಲ್ಲ. ಹನ್ನೊಂದು ವರ್ಷ ನನ್ನ ಕೈ ಆ ಉಸಿರಿಗೇ ಪಳಗಿತ್ತು.

ಅವರನ್ನು ಭಾವ ಅಂತ ಕರೆಯಲು ಶುರುಮಾಡಿದ್ದು ಊರೆಲ್ಲ. ಬೆಳಗಿನ ಕಾರ್ಯಕ್ರಮವನ್ನು ಅವರು ದಿನಾ ‘ನಿಮ್ಮ ಅಕ್ಕ ಇವತ್ತೂ ಬೈದ್ರು’ ಅಂತಲೇ ಆರಂಭಿಸುತ್ತಿದ್ದರು. ಹೆಂಡತಿ ಎಲ್ಲರಿಗೂ ಅಕ್ಕನಾದ ಮೇಲೆ ಇವರು ಎಲ್ಲರಿಗೂ ಭಾವ. ಫೋನು ಮಾಡುವ ಹೆಂಗಸರು ಅವರ ಹತ್ತಿರ ಸೊಸೆಯ ದೂರು ಹೇಳುತ್ತಿದ್ದರು, ಮೊಣಕಾಲು ನೋವು ಹೇಳುತ್ತಿದ್ದರು. ನನಗೆ ಅವರು ಇಟ್ಟ ಹೆಸರು ಗಾಜಮ್ಮ.

ಹೋದ ವರ್ಷ ವಿಡಿಯೋ ಗೇಮ್ ಪ್ರಶಸ್ತಿ ಸಮಾರಂಭವನ್ನು ನಡೆಸಿಕೊಡಲು ನಮ್ಮ ಭಾವನನ್ನು ಕರೆದರು. ಅದು ಮೂರು ವರ್ಷದಿಂದ ನಡೆಯುತ್ತಿತ್ತು. ಆಟ ಮಾಡುವವರು, ಆಡುವವರು ಇಂಟರ್ನೆಟ್ಟಿನಲ್ಲಿ ನೋಡಿಕೊಂಡು ಸುಮ್ಮನಾಗುತ್ತಿದ್ದರು. ಆ ಸಲ ನಮ್ಮ ಚಾನೆಲ್ ಅದನ್ನು ಟಿವಿಗೆ ತಂದಿತ್ತು. ಭಾನುವಾರ ಬೆಳಗ್ಗೆ ಹತ್ತಕ್ಕೆ ನೇರ ಪ್ರಸಾರ. ಭಾವನಿಗೆ ಆಟದ ಗಂಧಗಾಳಿ ಇರಲಿಲ್ಲ. ಅದನ್ನೇ ಅವರು ಸಮಾರಂಭದ ನಿರ್ಮಾಪಕಿಗೆ ಹೇಳಿದರು. ಆಕೆ ನಕ್ಕರು.

“ಆಡೋರು ಹೇಗೂ ನೋಡ್ತಾರೆ ಭಾವ. ಅದೇ ಮನೇಲಿ ಆಡದೇ ಇರೋರು ಇದಾರಲ್ಲ, ಅಮ್ಮ, ಅತ್ತೆ, ಚಿಕ್ಕಮ್ಮ... ಅವರು ಸೋಫಾ ಮೇಲೆ ಕೂತ್ಕೋಬೇಕು. ಅದಕ್ಕೆ ನೀವು ಬೇಕು.”

ಹೀಗೆ ಗೊತ್ತಿಲ್ಲದವರನ್ನು ವೇದಿಕೆಗೆ ಹತ್ತಿಸಿದರೆ ಗೊತ್ತಿದ್ದವರು ಉರಿದುಬೀಳುತ್ತಾರೆ ಎಂಬುದು ಎಲ್ಲರಿಗೂ ತಿಳಿದದ್ದೇ. ಬೇರೆ ಕಡೆ ಒಬ್ಬ ಸಿನಿಮಾ ನಟನನ್ನು ಕರೆಸಿ, ಅವನು ಆಟದ ಹೆಸರುಗಳನ್ನೆಲ್ಲ ತಪ್ಪುತಪ್ಪಾಗಿ ಓದಿ, ಜನ ವಾರಗಟ್ಟಲೆ ಆಡಿಕೊಂಡಿದ್ದರಂತೆ. ನಾವೂ ಬೈಗುಳಕ್ಕೆ ತಯಾರಾಗಿಯೇ ಇದ್ದೆವು. ಆದರೆ ಭಾವನ ಹೆಸರು ಪ್ರಕಟವಾದ ದಿನ ಒಂದೇ ಒಂದು ಬೈಗುಳವೂ ಬರಲಿಲ್ಲ. ಸಾವಿರಾರು ಜನ ಇಂಟರ್ನೆಟ್ಟಿನ ಆ ಪ್ರಕಟಣೆಯ ಕೆಳಗೆ ಬರೆದರು, ಎಲ್ಲರೂ ಒಂದೇ ಮಾತು: ‘ಬಾ, ಒಳಗೆ ಬಾ. ನಿನ್ನನ್ನ ಯಾರೂ ಕಾಯ್ತಾ ಇಲ್ಲ.’

ನಿರ್ಮಾಪಕಿ ಇದೇನೋ ಪ್ರೀತಿಯ ಗೇಲಿ ಅಂದುಕೊಂಡರು. ಭಾವನಿಗೆ ಮಾತ್ರ ಕಸಿವಿಸಿ. ನಿಮ್ಮನ್ನು ಯಾರೂ ಕಾಯುತ್ತಿಲ್ಲ ಅಂತ ಇಷ್ಟು ಜನ ಒಟ್ಟಿಗೆ ಹೇಳಿದರೆ ಯಾರಿಗೆ ತಾನೇ ಹಿತವಾಗುತ್ತದೆ?

ವಿಷಯ ಬಿಡಿಸಿ ಹೇಳಿದವನು ಸಮಾರಂಭಕ್ಕೆ ಜೋಕು ಬರೆಯಲು ಬಂದಿದ್ದ ಬರಹಗಾರ. ಮೂವತ್ತೈದು ದಾಟಿದವನು, ಎರಡು ಮಕ್ಕಳ ತಂದೆ, ಆದರೂ ಆಟದ ಹುಚ್ಚು ಬಿಟ್ಟಿರಲಿಲ್ಲ. ಹದಿನಾಲ್ಕು ವರ್ಷದ ಹಿಂದೆ ಐದಾರು ಗೆಳೆಯರು ಸೇರಿ ಒಂದು ಆಟ ಮಾಡಿದ್ದರಂತೆ. ಅದರಲ್ಲಿ ಹೊಡೆದಾಟವಿಲ್ಲ, ಓಟವಿಲ್ಲ. ಒಂದು ದೊಡ್ಡ ಮನೆ, ಅಷ್ಟೇ. ಕೋಣೆಯಿಂದ ಕೋಣೆಗೆ, ಮೆಟ್ಟಿಲಿಳಿಯುತ್ತ ಇಳಿಯುತ್ತ ಹೋಗಬೇಕು. ಎಲ್ಲಕ್ಕಿಂತ ಕೆಳಗಿನ ಕೋಣೆಯಲ್ಲಿ ಒಬ್ಬ ಕಾವಲುಗಾರನಿದ್ದಾನೆ. ಅವನು ಕಣ್ಣಿಗೆ ಕಾಣುವುದಿಲ್ಲ, ದನಿ ಮಾತ್ರ. ಮಾಡಿದ ಕಂಪನಿ ಆಮೇಲೆ ಮುಚ್ಚಿಹೋಯಿತು, ಆಟ ಉಳಿಯಿತು. ಆಡುವವರಲ್ಲಿ ಆ ದನಿ ಗೊತ್ತಿಲ್ಲದವರೇ ಇಲ್ಲ.

“ಅದು ಭಾವನ ದನಿ ಅಂತ ಎಲ್ಲರಿಗೂ ಗೊತ್ತಲ್ಲ,” ಅಂದ ಅವನು, ನಮ್ಮ ಮುಖ ನೋಡಿ ಅನುಮಾನ ಬಂದವನ ಹಾಗೆ. “ಫೇಮಸ್ ಆಗೋಕೆ ಮುಂಚೆ ಮಾಡಿದ್ದು, ಅದಕ್ಕೇ ಹೆಸರು ಹಾಕ್ಸಿಲ್ಲ ಅಂತಾರೆ. ಅಲ್ವಾ?”

ಮಧ್ಯಾಹ್ನದ ಹೊತ್ತು. ಕಚೇರಿಯ ಕಿಟಕಿಯಿಂದ ಬಿಸಿಲು ನೇರ ಮೇಜಿನ ಮೇಲೆ ಬೀಳುತ್ತಿತ್ತು, ಪರದೆ ಸರಿಯಾಗಿ ಕಾಣದೆ ಅವನು ಲ್ಯಾಪ್‌ಟಾಪನ್ನು ಗೋಡೆಯ ಕಡೆ ತಿರುಗಿಸಿದ. ಆಟದ ಮನೆಯಲ್ಲಿ ಮೆಟ್ಟಿಲಿಳಿದ. ಕೊನೆಯ ಬಾಗಿಲು ತೆರೆಯಿತು. ಖಾಲಿ ಕೋಣೆ, ಮೂಲೆಯಲ್ಲಿ ಒಂದು ಕುರ್ಚಿ.

“ಬಾ,” ಅಂತು ದನಿ. “ಒಳಗೆ ಬಾ. ನಿನ್ನನ್ನ ಯಾರೂ ಕಾಯ್ತಾ ಇಲ್ಲ.”

ಭಾವನದೇ ದನಿ. ಬೆಳಗ್ಗೆ ಎಂಟೂವರೆಗೆ ಮೊಣಕಾಲು ನೋವಿಗೆ ಸಮಾಧಾನ ಹೇಳುವ ಅದೇ ಗಂಟಲು, ಅದೇ ಸ್ವಲ್ಪ ಒಡೆದ ಅಂಚು. ನಾನು ಅಭ್ಯಾಸಬಲದಿಂದ ಉಸಿರು ಕೇಳಿದೆ. ಉಸಿರು ಮಾತಿಗೆ ಮುಂಚೆ ಇರಲಿಲ್ಲ. ‘ಬಾ’ ಆದ ಮೇಲೆ ಇತ್ತು, ಸಣ್ಣದಾಗಿ, ಮೆಟ್ಟಿಲು ಹತ್ತಿ ಬಂದವರು ತೆಗೆದುಕೊಳ್ಳುವ ಹಾಗೆ. ಪ್ರತಿ ವಾಕ್ಯದಲ್ಲೂ ಮೊದಲ ಪದದ ಬೆನ್ನಿಗೇ ಆ ಉಸಿರು. ಗಂಟಲು ಅವರದು, ಎದೆ ಬೇರೆ ಯಾರದೋ.

ಇದನ್ನು ನಾನು ಮಾಡಿಲ್ಲ ಅಂದರು ಭಾವ. ಮರೆತಿರಬಹುದು ಅಂತ ಬರಹಗಾರ ನಯವಾಗಿ ಹೇಳಿದ. ಇವರು ಎದ್ದು ಹೋಗುವಾಗ ಆ ದನಿಯನ್ನು ತಮ್ಮ ಫೋನಿಗೆ ಹಾಕಿಕೊಡಲು ಕೇಳಿದರು.

ಎರಡು ದಿನ ಬಿಟ್ಟು ನನ್ನನ್ನು ಕರೆದರು. ಆ ಆಟದ ಧ್ವನಿಮುದ್ರಣ ಮಾಡಿದವರ ವಿಳಾಸ ಸಿಕ್ಕಿದೆ, ಜೊತೆಗೆ ಬಾ ಅಂದರು. ಯಾಕೆ ನಾನು ಅಂತ ಕೇಳಿದ್ದಕ್ಕೆ, ನಿನಗೆ ಕಿವಿ ಇದೆ ಅಂದರು.

ಟೈರು ಅಂಗಡಿಯ ಮೇಲಿನ ಎರಡು ಕೋಣೆಯ ಸ್ಟುಡಿಯೋ ಅದು. ಕೆಳಗಿನ ರಬ್ಬರು ವಾಸನೆ ಮೆಟ್ಟಿಲ ತನಕ ಬರುತ್ತಿತ್ತು. ಗೋಡೆಗೆ ಮೊಟ್ಟೆ ಇಡುವ ಟ್ರೇಗಳನ್ನು ಅಂಟಿಸಿ, ಮೇಲೆ ಬಟ್ಟೆ ಹೊದಿಸಿದ್ದರು. ಧ್ವನಿಮುದ್ರಕರು ಎಪ್ಪತ್ತರ ಹತ್ತಿರದವರು, ನಮಗೆ ಬೆನ್ನು ಹಾಕಿ ಯಾವುದೋ ವೈರು ಬೆಸೆಯುತ್ತಿದ್ದರು. ಭಾವ ಬಾಗಿಲಲ್ಲಿ ನಿಂತು ನಮಸ್ಕಾರ ಅಂದರು. ಅವರು ತಿರುಗದೆಯೇ ಹೇಳಿದರು:

“ಬಾಪ್ಪಾ. ಕೆಮ್ಮು ವಾಸಿ ಆದ ಹಾಗಿದೆ.”

ಆಮೇಲೆ ತಿರುಗಿ ನೋಡಿ, ತಪ್ಪಾಯಿತು, ಬೇರೆಯವರು ಅಂದುಕೊಂಡೆ ಅಂತ ಎದ್ದು ನಿಂತರು. ಅವರ ಮನೆಯಲ್ಲಿ ಟಿವಿ ನೋಡುವ ರೂಢಿಯಿರಲಿಲ್ಲ, ಭಾವ ಯಾರೆಂದು ಗೊತ್ತಿರಲಿಲ್ಲ. ಕೇಳಿದ್ದಕ್ಕೆಲ್ಲ ನಿಧಾನವಾಗಿ ಉತ್ತರ ಕೊಟ್ಟರು. ಆಟಕ್ಕೆ ದನಿ ಕೊಡಲು ಬಂದವನು ಸಣಕಲು ಮನುಷ್ಯ. ಮೂರು ದಿನ ಬಂದ, ಇನ್ನೂರ ಹನ್ನೆರಡು ವಾಕ್ಯ ಓದಿದ. ಎರಡು ವಾಕ್ಯಕ್ಕೊಮ್ಮೆ ಕೂತು ಸುಧಾರಿಸಿಕೊಳ್ಳುತ್ತಿದ್ದ. ಆಟದ ಕೊನೆಗೆ ಎಲ್ಲರ ಹೆಸರು ಬರುತ್ತದಲ್ಲ, ಅಲ್ಲಿ ತನ್ನ ಹೆಸರು ಬೇಡ ಅಂದನಂತೆ. ಈ ದನಿಗೆ ಆಗಲೇ ಒಂದು ಹೆಸರಿದೆ, ಇನ್ನೊಂದು ಹಾಕಿದರೆ ಜಗಳವಾಗುತ್ತದೆ ಅಂದಿದ್ದನಂತೆ. ಮುದ್ರಣವಾದ ಪ್ರತಿ ಚೂರೂ ಅವರ ಹತ್ತಿರ ಇತ್ತು. ಕೆಮ್ಮು, ನೀರು ಕುಡಿದ ಸದ್ದು, ಎಲ್ಲ. ಭಾವ ಅದನ್ನು ಪೂರ್ತಿ ಕೇಳಿದರು, ಒಂದೂವರೆ ಗಂಟೆ. ನಾನು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೆ.

ವಾಪಸ್ಸು ಬರುವಾಗ ಕಾರಿನಲ್ಲಿ ಅವರೇ ಬಾಯಿಬಿಟ್ಟರು. ಅದು ಅವರ ತಮ್ಮ. ಒಂದೂವರೆ ವರ್ಷ ಚಿಕ್ಕವನು. ಫೋನಿನಲ್ಲಿ ಯಾರು ಮಾತಾಡುತ್ತಿರುವುದೆಂದು ಹೆತ್ತ ತಾಯಿಗೂ ತಿಳಿಯುತ್ತಿರಲಿಲ್ಲ. ಭಾವನಿಗೆ ಇಪ್ಪತ್ತನಾಲ್ಕಾದಾಗ ರೇಡಿಯೋದಲ್ಲಿ ಉದ್ಘೋಷಕರ ಕೆಲಸಕ್ಕೆ ಕರೆದಿದ್ದರು. ದನಿಯನ್ನು ಕ್ಯಾಸೆಟ್ಟಿನಲ್ಲಿ ಮುದ್ರಿಸಿ ಕಳಿಸಬೇಕಿತ್ತು. ಆ ವಾರ ಇವರಿಗೆ ಗಂಟಲು ಊದಿ ಮಾತೇ ಹೊರಡುತ್ತಿರಲಿಲ್ಲ. ತಮ್ಮ ಇವರ ಹೆಸರು ಹೇಳಿ ಓದಿ ಕಳಿಸಿದ. ಕೆಲಸ ಇವರಿಗೆ ಸಿಕ್ಕಿತು. ಎರಡು ವರ್ಷದ ಮೇಲೆ ಅದೇ ರೇಡಿಯೋದಲ್ಲಿ ಇನ್ನೊಂದು ಜಾಗ ಖಾಲಿಯಾದಾಗ ತಮ್ಮ ತನ್ನದೇ ಹೆಸರಲ್ಲಿ ಕ್ಯಾಸೆಟ್ಟು ಕಳಿಸಿದ. ಅಧಿಕಾರಿ ಅದನ್ನು ಕೇಳಿ ಭಾವನನ್ನು ಕರೆಸಿ, ಇದು ನಿಮ್ಮ ದನಿ, ಯಾವ ಆಟ ಇದು ಅಂತ ಕೇಳಿದರಂತೆ. ತಮ್ಮನದು ಅಂದರೆ ಹಳೆಯ ಕ್ಯಾಸೆಟ್ಟಿನ ಗುಟ್ಟೂ ಹೊರಗೆ ಬೀಳುತ್ತದೆ. ಇವರು, ಯಾರೋ ಮಿಮಿಕ್ರಿಯವನಿರಬೇಕು ಸಾರ್ ಅಂದುಬಿಟ್ಟರು. ಅಧಿಕಾರಿ ಅದನ್ನೇ ಕಾಗದದಲ್ಲಿ ಬರೆದು ತಮ್ಮನಿಗೆ ಕಳಿಸಿದರು. ಕಾಗದ ಓದಿದ ದಿನವೇ ಅವನು ಮನೆ ಬಿಟ್ಟ.

“ಎಲ್ಲಿದ್ದಾರೆ ಈಗ?” ಅಂತ ಕೇಳಿದೆ.

“ಹನ್ನೊಂದು ವರ್ಷ ಆಯ್ತು,” ಅಂದರು ಭಾವ. “ಆಸ್ಪತ್ರೆಯವರು ಕಾಗದ ಹಾಕಿದ್ರು. ನಿಮ್ಮನ್ನ ಕೇಳ್ತಿದಾರೆ, ಬನ್ನಿ ಅಂತ. ಅವತ್ತು ನಮ್ಮ ಬೆಳಗಿನ ಕಾರ್ಯಕ್ರಮದ ಮೊದಲನೇ ದಿನ, ಗಾಜಮ್ಮ. ಹೇಗೆ ಹೋಗ್ಲಿ? ಎರಡನೇ ಕಾಗದದಲ್ಲಿ ನಾವೇ ಸಂಸ್ಕಾರ ಎಲ್ಲ ಮುಗಿಸಿದೀವಿ ಅಂತ ಬಂತು.”

ಆ ಮೊದಲ ದಿನ ನನಗೆ ಚೆನ್ನಾಗಿ ನೆನಪಿದೆ. ನನ್ನ ಕೈಯಲ್ಲಿ ಗುಂಡಿ ಎರಡು ಸಲ ಜಾರಿತ್ತು. ಭಾವ ಒಂದಕ್ಷರ ತಪ್ಪದೆ ನಗುನಗುತ್ತ ಓದಿದ್ದರು. ಮುಗಿದ ಮೇಲೆ ನಾವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದ್ದೆವು.

ಸಮಾರಂಭಕ್ಕೆ ಇನ್ನು ಹತ್ತು ದಿನ ಇರುವಾಗ ಬರಹಗಾರ ಓಡಿ ಬಂದ. ಕೆಳಗಿನ ಕೋಣೆಯಲ್ಲಿ ಹೊಸ ಮಾತು ಕೇಳುತ್ತಿದೆ ಅಂತ ಜನ ಬರೆಯುತ್ತಿದ್ದಾರೆ ಅಂದ. ಇನ್ನೂರ ಹನ್ನೆರಡು ವಾಕ್ಯಗಳನ್ನೂ ಅವರು ಹಿಂದೆಯೇ ಪಟ್ಟಿ ಮಾಡಿ ಮುಗಿಸಿದ್ದರು. ಇದು ಅದರಲ್ಲಿ ಇಲ್ಲ. ಏನನ್ನೂ ಮುಟ್ಟದೆ ಬಹಳ ಹೊತ್ತು ನಿಂತರೆ ಕೆಲವರಿಗೆ ಕೇಳುತ್ತದೆ, ಕೆಲವರಿಗಿಲ್ಲ. ಪ್ರಚಾರಕ್ಕೆ ಚಾನೆಲ್ಲಿನವರೇ ಮಾಡಿಸಿದ್ದು ಅಂತ ಆಡುವವರು ಅಂದುಕೊಂಡಿದ್ದರು. ಆಡುವವರೇ ಕಂಪ್ಯೂಟರಿನಲ್ಲಿ ದನಿ ತಯಾರಿಸಿ ಬಿಟ್ಟಿದ್ದಾರೆ ಅಂತ ನಿರ್ಮಾಪಕಿ ಅಂದುಕೊಂಡರು, ಖುಷಿಪಟ್ಟರು.

ಊಟದ ಹೊತ್ತಿಗೆ ಅವನ ಲ್ಯಾಪ್‌ಟಾಪಿನ ಮುಂದೆ ನಾನೂ ಕೂತೆ. ಆ ಖಾಲಿ ಕೋಣೆ, ಆ ಕುರ್ಚಿ. ಅರ್ಧ ಗಂಟೆ ಏನೂ ಇಲ್ಲ. ಬರಹಗಾರ ಡಬ್ಬಿ ಮುಚ್ಚಿ ಕೈ ತೊಳೆಯಲು ಹೋದ. ಹೊರಗೆ ಯಾರೋ ಲಿಫ್ಟಿನವನ ಹತ್ತಿರ ವಾದ ಮಾಡುತ್ತಿದ್ದರು. ಆಗ ಹೆಡ್‌ಫೋನಿನಲ್ಲಿ, ಕಿವಿಯ ಪಕ್ಕದಲ್ಲೇ ಅನ್ನುವ ಹಾಗೆ:

“ಅಣ್ಣ... ಬಂದ್ನಾ?”

ಮೊದಲ ಪದದ ಬೆನ್ನಿಗೆ ಆ ಸಣ್ಣ ಉಸಿರು. ನಾನು ಹೆಡ್‌ಫೋನು ಕಿತ್ತು ಮೇಜಿನ ಮೇಲಿಟ್ಟೆ. ಬರಹಗಾರ ಬಂದು ಏನಾದರೂ ಕೇಳಿತಾ ಅಂದ. ಇಲ್ಲ ಅಂದೆ. ಆಮೇಲೆ ಟೈರು ಅಂಗಡಿಯ ಮೇಲಿನವರಿಗೆ ಫೋನು ಮಾಡಿ, ಆ ಎರಡು ಪದ ನಿಮ್ಮಲ್ಲಿ ಮುದ್ರಣವಾಗಿತ್ತಾ ಅಂತ ಕೇಳಿದೆ. ಅವರು ಒಂದು ದಿನ ತೆಗೆದುಕೊಂಡು ಎಲ್ಲ ಹುಡುಕಿ, ಇಲ್ಲಮ್ಮ, ಅವನು ನನ್ನ ಹತ್ತಿರ ಅದನ್ನು ಹೇಳಿಲ್ಲ ಅಂದರು.

ಭಾವನಿಗೆ ತಿಳಿಸುವುದೋ ಬೇಡವೋ ಅಂತ ನಾನು ಒದ್ದಾಡುತ್ತಿರುವಾಗಲೇ ಅಕ್ಕನ ಫೋನು ಬಂತು. ನಿಮ್ಮ ಭಾವ ಸ್ಟುಡಿಯೋದಿಂದ ಬಂದವರೇ ಕಂಪ್ಯೂಟರಿನ ಮುಂದೆ ಕೂರುತ್ತಾರೆ, ಸಂಜೆವರೆಗೂ ಏಳುವುದಿಲ್ಲ, ಪರದೆಯ ಮೇಲೆ ಏನೂ ಅಲ್ಲಾಡುವುದಿಲ್ಲ, ಒಂದು ಕುರ್ಚಿ ಮಾತ್ರ ಇದೆ ಅಂದರು. “ಮಧ್ಯೆ ಮಧ್ಯೆ ‘ಬಂದೆ ಕಣೋ’ ಅಂತಾರೆ. ಯಾರಿಗೆ ಅಂತ ಕೇಳಿದ್ರೆ ನನ್ನನ್ನೇ ಪಿಳಿಪಿಳಿ ನೋಡ್ತಾರೆ.” ಅಕ್ಕನಿಗೆ ಮೈದುನನೊಬ್ಬ ಇದ್ದ ವಿಷಯವೇ ಗೊತ್ತಿರಲಿಲ್ಲ. ಅವರ ಮದುವೆಯ ಹೊತ್ತಿಗೆ ಆ ಮನೆಯಲ್ಲಿ ಅವನ ಒಂದು ಫೋಟೋ ಕೂಡ ಉಳಿದಿರಲಿಲ್ಲ.

ಭಾನುವಾರ ಬಂತು. ಮೂರು ಸಾವಿರ ಜನ ಹಿಡಿಯುವ ಸಭಾಂಗಣ. ಬೆಳಗ್ಗೆ ಒಂಬತ್ತರ ಬಿಸಿಲಲ್ಲಿ ಕರಿ ಟೀ ಶರ್ಟಿನ ಹುಡುಗ ಹುಡುಗಿಯರು ಸಾಲಾಗಿ ಒಳಗೆ ಬಂದು ಕೂತರು. ಮುಂದಿನ ಸಾಲಿನಲ್ಲಿ ಆಟ ಮಾಡುವವರು, ಇಸ್ತ್ರಿಯ ಮಡಿಕೆ ಕಾಣುವ ಹೊಸ ಕೋಟುಗಳಲ್ಲಿ. ನನ್ನ ಜಾಗ ನಡುವಿನ ಕ್ಯಾಮೆರಾದ ಹಿಂದೆ, ಕರಿ ಬಟ್ಟೆ ಹೊದಿಸಿದ ಮೇಜಿನಲ್ಲಿ. ದೀಪ ಆರಿತು, ಸಂಗೀತ ನಿಂತಿತು, ಭಾವ ವೇದಿಕೆಗೆ ಬಂದರು.

ಶಿಳ್ಳೆ ಬೀಳುತ್ತದೆ ಅಂದುಕೊಂಡಿದ್ದೆ. ಬೀಳಲಿಲ್ಲ. ಮೂರು ಸಾವಿರ ಜನ, ಯಾರೂ ಹೇಳಿಕೊಡದೆ, ತಗ್ಗಿದ ದನಿಯಲ್ಲಿ ಒಟ್ಟಿಗೆ ಅಂದರು: “ಬಾ. ಒಳಗೆ ಬಾ. ನಿನ್ನನ್ನ ಯಾರೂ ಕಾಯ್ತಾ ಇಲ್ಲ.” ಕೂಗಿದ್ದರೆ ತಮಾಷೆಯಾಗಿರುತ್ತಿತ್ತು. ಅವರು ಕೂಗಲಿಲ್ಲ. ‘ಬಾ’ ಆದ ಮೇಲೆ ಮೂರು ಸಾವಿರ ಜನವೂ ಸಣ್ಣದಾಗಿ ಉಸಿರು ತೆಗೆದುಕೊಂಡದ್ದು ನನ್ನ ಹೆಡ್‌ಫೋನಿನಲ್ಲಿ ಕೇಳಿಸಿತು. ಸಾವಿರ ಸಲ ಆಟ ಆಡಿ ಅವರು ಆ ಎದೆಯನ್ನೂ ಕಲಿತಿದ್ದರು.

ಭಾವ ನಕ್ಕರು, ಗಾಜು ನೋಡಿ ಓದಲು ಶುರುಮಾಡಿದರು. ಒಂದೂವರೆ ಗಂಟೆ ಎಲ್ಲ ಸುಸೂತ್ರ. ಅತ್ತೆಯಂದಿರಿಗೆಂದು ಬರೆದ ಜೋಕುಗಳಿಗೆ ಸಭಾಂಗಣ ನಗಲಿಲ್ಲ, ಆದರೆ ‘ಮುಂದಿನ ಪ್ರಶಸ್ತಿ’ ಅಂತ ಇವರು ಬರೀ ಎರಡು ಪದ ಓದಿದರೂ ಜನ ತೋಳು ನೀವಿಕೊಳ್ಳುತ್ತಿದ್ದರು. ಅವರಿಗೆ ಕೇಳುತ್ತಿದ್ದದ್ದು ನಮ್ಮ ಭಾವ ಅಲ್ಲ. ಕಿವಿಯಲ್ಲಿ ನಿರ್ಮಾಪಕಿ, ಚೆನ್ನಾಗಿ ಹೋಗ್ತಿದೆ, ಚೆನ್ನಾಗಿ ಹೋಗ್ತಿದೆ ಅಂತ ಹೇಳುತ್ತಲೇ ಇದ್ದರು.

ಕೊನೆಯ ಪ್ರಶಸ್ತಿ ಹೊಸದು, ಮನೆಮಂದಿಯೆಲ್ಲ ಮೆಚ್ಚಿದ ಆಟಕ್ಕೆ. ಅದರ ಮಾತು ಗಾಜಿನ ಮೇಲೆ ಬಂತು. ಭಾವ ಓದಲಿಲ್ಲ. ನಾನು ಗುಂಡಿ ಹಿಡಿದು ನಿಂತೆ. ಅಕ್ಷರಗಳು ನಿಂತವು. ಕಣ್ಣು ಮಂಜಾಗಿದೆಯೇನೋ ಅಂತ ಒಂದು ಸಾಲು ಹಿಂದಕ್ಕೆ ತಿರುಗಿಸಿದೆ. ಅವರು ಗಾಜನ್ನು ನೋಡುತ್ತಲೇ ಇರಲಿಲ್ಲ.

“ನೀವು,” ಅಂದರು. ಉಸಿರು ತೆಗೆದುಕೊಂಡರು. “ನೀವು ಕೇಳಿದ ದನಿ ನಂದಲ್ಲ. ನನ್ನ ತಮ್ಮಂದು.”

ಮಾತು ಏನೆಂದು ನನಗೆ ಆಮೇಲೆ ಅರಿವಾಯಿತು. ಮೊದಲು ಗೊತ್ತಾದದ್ದು ಉಸಿರು ಜಾಗ ಬದಲಿಸಿದ್ದು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಅಲ್ಲಿ ನಿಲ್ಲದ ಮನುಷ್ಯ ಪ್ರತಿ ವಾಕ್ಯದ ಮೊದಲ ಪದಕ್ಕೆ ನಿಂತು, ಮೆಟ್ಟಿಲು ಹತ್ತಿದವರಂತೆ ಸುಧಾರಿಸಿಕೊಂಡು, ಮುಂದಕ್ಕೆ ಹೋಗುತ್ತಿದ್ದರು. ಕ್ಯಾಸೆಟ್ಟಿನ ವಿಷಯ ಹೇಳಿದರು. ಅಧಿಕಾರಿಗೆ ತಾವು ಕೊಟ್ಟ ಉತ್ತರ ಹೇಳಿದರು. ಆಸ್ಪತ್ರೆಯ ಕಾಗದ ಹೇಳಿದರು. ಎಲ್ಲ ಸೇರಿ ಮೂರು ನಿಮಿಷ ಆಗಿರಬಹುದು. ಕಿವಿಯಲ್ಲಿ ನಿರ್ಮಾಪಕಿ, ಇದು ಎಲ್ಲಿದೆ, ಯಾವ ಪುಟ, ಯಾರು ಬರೆದದ್ದು ಅಂತ ನನ್ನನ್ನು ಕೇಳುತ್ತಿದ್ದರು.

ಮುಗಿದಾಗ ಹಿಂದಿನ ಸಾಲಿನಿಂದ ಚಪ್ಪಾಳೆ ಶುರುವಾಯಿತು. ಮೂರು ಸಾವಿರ ಜನ ಎದ್ದು ನಿಂತರು. ಕೆಲವರು ಅಳುತ್ತಿದ್ದರು. ಕಾವಲುಗಾರ ಕೊನೆಗೂ ತನ್ನ ಕಥೆ ಹೇಳಿದ ಅಂದುಕೊಂಡಿದ್ದರು ಅವರು. ಅವನದೇ ದನಿ, ಅವನದೇ ಉಸಿರು. ಇಷ್ಟು ಚೆನ್ನಾಗಿ ಯಾರೂ ನಟಿಸಿದ್ದನ್ನು ಅವರು ನೋಡಿರಲಿಲ್ಲ. ಭಾವ ಎರಡೂ ಕೈ ಎತ್ತಿ, ಇಲ್ಲ, ನಿಲ್ಲಿಸಿ ಅಂತ ಸನ್ನೆ ಮಾಡಿದರು. ಚಪ್ಪಾಳೆ ಜೋರಾಯಿತು.

ಮೇಕಪ್ ಕೋಣೆಯಲ್ಲಿ ಅವರು ಬೂಟು ಬಿಚ್ಚಿ, ಕನ್ನಡಿಗೆ ಬೆನ್ನು ಹಾಕಿ ಕೂತಿದ್ದರು.

“ನಿಜ ಹೇಳ್ದೆ ಗಾಜಮ್ಮ,” ಅಂದರು. “ಚಪ್ಪಾಳೆ ತಟ್ಟಿದ್ರು.”

ನಿರ್ಮಾಪಕಿ ಹೂಗುಚ್ಛ ಹಿಡಿದು ಬಂದರು. ಆ ಬೆಳಗ್ಗೆ ಎಷ್ಟು ಮನೆಗಳಲ್ಲಿ ನೋಡಿದರೆಂಬ ಅಂಕಿ ಬಂದಿತ್ತು, ಯಾರೂ ಊಹಿಸದಷ್ಟು. ಆಡದವರೂ ಆಟದ ಹೆಸರು ಕೇಳಿ ಫೋನು ಮಾಡುತ್ತಿದ್ದರಂತೆ. ತಮ್ಮ ಅತ್ತೆಯೇ ಕಣ್ಣೊರೆಸಿಕೊಂಡರು ಅಂತ ಆಕೆ ಹೇಳಿದರು. ಮುಂದಿನ ವರ್ಷಕ್ಕೂ ನೀವೇ ಅಂದರು.

ಅಂದಿನಿಂದ ಕೆಳಗಿನ ಕೋಣೆಯಲ್ಲಿ ದನಿ ಇಲ್ಲ. ಹೊಸ ಮಾತು ಮಾತ್ರವಲ್ಲ, ಹಳೆಯ ಇನ್ನೂರ ಹನ್ನೆರಡೂ ಇಲ್ಲ. ಬಾಗಿಲು ತೆರೆಯುತ್ತದೆ, ಕುರ್ಚಿ ಇದೆ, ಎಷ್ಟು ಹೊತ್ತು ನಿಂತರೂ ಏನೂ ಕೇಳುವುದಿಲ್ಲ. ಬರಹಗಾರ ಆಟದ ಒಳಗೆಲ್ಲ ಕೈಯಾಡಿಸಿ ನೋಡಿದ. ಧ್ವನಿಯ ಕಡತಗಳು ಇದ್ದ ಜಾಗದಲ್ಲೇ ಇವೆ, ತೆರೆದರೆ ಬರೀ ಮೌನ ಅಂದ. ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ. ಇದೂ ಪ್ರಚಾರದ ಗಿಮಿಕ್ಕು ಅಂತ ಜನ ಹೊಗಳಿದರು. ಆಟದ ಬಗ್ಗೆ ಅವರೆಲ್ಲ ಸೇರಿ ಇಂಟರ್ನೆಟ್ಟಿನಲ್ಲಿ ಮಾಡಿಕೊಂಡಿರುವ, ಯಾರು ಬೇಕಾದರೂ ತಿದ್ದಬಹುದಾದ ಪಟ್ಟಿಯಲ್ಲಿ ಕಾವಲುಗಾರನ ಎದುರಿಗೆ ಇದ್ದ ಖಾಲಿ ಜಾಗಕ್ಕೆ ಭಾವನ ಹೆಸರು ತುಂಬಿದರು. ಭಾವ ಅದನ್ನು ಅಳಿಸಿ ತಮ್ಮನ ಹೆಸರು ಹಾಕಿದರು. ಒಂದು ಗಂಟೆಯಲ್ಲಿ ಮತ್ತೆ ಇವರದೇ ಬಂತು. ಹೀಗೆ ಆರು ಸಲ.

ಬೆಳಗಿನ ಕಾರ್ಯಕ್ರಮದಲ್ಲಿ ಹಳೆಯ ಉಸಿರು ವಾಪಸ್ಸು ಬರಲಿಲ್ಲ. ನನ್ನ ಕೈ ಹೊಸದಾಗಿ ಕಲಿಯಬೇಕಾಯಿತು. ಭಾವ, ನೆಗಡಿನಾ, ಅಂತ ಹೆಂಗಸರು ಫೋನಿನಲ್ಲಿ ಕೇಳತೊಡಗಿದರು. ಡಾಕ್ಟರು ಎದೆಯ ಫೋಟೋ ತೆಗೆಸಿ, ಏನೂ ತೊಂದರೆ ಇಲ್ಲ ಅಂದರು. ನಾಲ್ಕು ವಾರ ನೋಡಿ ಭಾವ ರಜೆ ಹಾಕಿದರು. ಅಕ್ಕನಿಗೆ ಎಲ್ಲವನ್ನೂ ಹೇಳಿದರು. ಅಕ್ಕ ಎರಡು ದಿನ ಅವರ ಜೊತೆ ಮಾತು ಬಿಟ್ಟು, ಮೂರನೇ ದಿನ ನನಗೆ ಫೋನು ಮಾಡಿ, ಆಸ್ಪತ್ರೆಯ ಕಾಗದದಲ್ಲಿರುವ ಊರಿಗೆ ಇವರನ್ನು ಕರೆದುಕೊಂಡು ಹೋಗು ಅಂದರು. ತಾವು ಬಂದರೆ ದಾರಿಯುದ್ದಕ್ಕೂ ಜಗಳವಾಗುತ್ತದೆ ಅಂದರು.

ಐದು ಗಂಟೆಯ ದಾರಿ. ಆಸ್ಪತ್ರೆಯಲ್ಲಿ ಹಳೆಯ ದಾಖಲೆ ಹುಡುಕಿ, ತಮ್ಮ ಬಾಡಿಗೆಗಿದ್ದ ಮನೆಯ ವಿಳಾಸ ಕೊಟ್ಟರು. ಹಂಚಿನ ಸೂರು, ಮುಂದೆ ಕಬ್ಬಿಣದ ಗೇಟು, ಒಣಗಲು ಹಾಕಿದ ಹೊದಿಕೆಗಳು. ಮನೆಯೊಡತಿಗೆ ಎಂಬತ್ತು ದಾಟಿತ್ತು. ಜಗುಲಿಯ ಮೇಲೆ ಕೂತಿದ್ದರು, ಎರಡೂ ಕಣ್ಣಿನಲ್ಲಿ ಪೊರೆ. ಭಾವ ಗೇಟಿನ ಹೊರಗೆ ನಿಂತು, ಅಮ್ಮಾ, ಒಳಗೆ ಬರಬಹುದಾ ಅಂತ ಕೇಳಿದರು.

ಅವರು ತಲೆ ಎತ್ತಿದರು. ಮುಖ ಗಂಟಿಕ್ಕಿತು.

“ಹೇಳ್ದೆ ಕೇಳ್ದೆ ಹೋದ್ರೆ ಹೇಗಪ್ಪಾ?” ಅಂದರು. “ಎರಡು ದಿನ ಆಸ್ಪತ್ರೆ ಅಂತ ಹೋದವನು. ಇಷ್ಟು ದಿನ ಇಟ್ಕೊಂಡ್ರಾ ನಿನ್ನ?”

ಭಾವ ಗೇಟು ಹಿಡಿದುಕೊಂಡು ನಿಂತರು. ನಾನು ಅವರು ಸತ್ಯ ಹೇಳುತ್ತಾರೆ ಅಂದುಕೊಂಡೆ. “ಹೂಂ,” ಅಂದರು ಕೊನೆಗೆ. “ತಡ ಆಯ್ತು.”

ಮುದುಕಿ ಗೊಣಗುತ್ತ ಎದ್ದು, ಗೋಡೆ ಸವರಿಕೊಂಡು ಒಳಗೆ ಹೋಗಿ ಒಂದು ದಿನಪತ್ರಿಕೆ ತಂದು ಅವರ ಕೈಗಿಟ್ಟರು. ತಮ್ಮ ದಿನಾ ಮಧ್ಯಾಹ್ನ ಅವರಿಗೆ ಪತ್ರಿಕೆ ಓದಿ ಹೇಳುತ್ತಿದ್ದನಂತೆ, ಸಾವಿನ ಸುದ್ದಿಯಿಂದ ಹಿಡಿದು ಮದುವೆಯ ಜಾಹೀರಾತಿನವರೆಗೆ. ಭಾವ ಮೆಟ್ಟಿಲ ಮೇಲೆ ಕೂತು ಓದಿದರು. ಮೊದಲ ಪದ, ಉಸಿರು, ಉಳಿದ ವಾಕ್ಯ. ಮುದುಕಿ ಕಣ್ಣು ಮುಚ್ಚಿ ಕೇಳಿದರು, ಒಮ್ಮೆಯೂ ಅನುಮಾನ ಪಡಲಿಲ್ಲ. ಅವರ ಹಿಂದೆ ಕತ್ತಲೆಯ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ನಾನು ಆ ಕಡೆ ನೋಡದೆ ಕಾರಿನಲ್ಲಿ ಹೋಗಿ ಕೂತೆ.

ಈಗ ಬೆಳಗಿನ ಕಾರ್ಯಕ್ರಮಕ್ಕೆ ಬೇರೆಯವರು ಬಂದಿದ್ದಾರೆ. ಈ ವರ್ಷದ ಪ್ರಶಸ್ತಿ ಸಮಾರಂಭಕ್ಕೆ ಒಬ್ಬ ಕ್ರಿಕೆಟ್ ಆಟಗಾರನನ್ನು ಕರೆದಿದ್ದಾರೆ. ಭಾವ ತಿಂಗಳಿಗೆರಡು ಸಲ ಆ ಊರಿಗೆ ಹೋಗುತ್ತಾರೆ. ಅಕ್ಕನೂ ಒಮ್ಮೊಮ್ಮೆ ಜೊತೆಗೆ ಹೋಗುತ್ತಾರೆ. ಹೋದ ವಾರ ಸಿಕ್ಕಾಗ, ಆ ಅಮ್ಮನಿಗೆ ನಿಜ ಹೇಳಬಾರದಾ ಭಾವ, ಎಷ್ಟು ದಿನ ಹೀಗೆ ಅಂತ ಕೇಳಿದೆ.

“ಹೇಳ್ದೆ,” ಅಂದರು. ಸ್ವಲ್ಪ ಸುಧಾರಿಸಿಕೊಂಡರು. “ನಾನು ಅವನಲ್ಲಮ್ಮ, ಅವನ ಅಣ್ಣ ಅಂತ ಬಿಡಿಸಿ ಹೇಳ್ದೆ. ನಕ್ಕುಬಿಟ್ರು. ನಿಂಗೆ ಅಣ್ಣ ಎಲ್ಲಿದಾನೋ, ನನ್ನವರು ಅಂತ ಯಾರೂ ಇಲ್ಲ ಅಂದಿದ್ದವನು ನೀನೇ ಅಲ್ವಾ ಅಂದ್ರು.”

ಆಮೇಲೆ ಎರಡನೇ ಪುಟ ಓದು ಅಂದರಂತೆ.